ನಿಜಾಮರ ಮೊರೆ, ಅಮೆರಿಕದ ಉತ್ತರ

1948ನೆಯ ಇಸವಿಯ ಸೆಪ್ಟೆಂಬರ್ ತಿಂಗಳು. ಇಂದು ಕರ್ನಾಟಕದ ಬೀದರ್ ಜಿಲ್ಲೆಯಲ್ಲಿರುವ ಹುಮನಾಬಾದ್, ಬಸವಕಲ್ಯಾಣ ಮತ್ತು ಆ ಸೀಮೆಯ ಘಾಟಬೋರಾಳದಂಥ ಹಳ್ಳಿಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದುವು. ಆ ತಿಂಗಳ 13ರಂದು ಬೆಳಗಿನ ಜಾವದಲ್ಲಿ ಭಾರತದ ಸೇನೆ ನಳದುರ್ಗದ ಬಳಿ ಸಂಸ್ಥಾನದ ಗಡಿಯನ್ನು ದಾಟಿತು. ಮೇಜರ್ ಜನರಲ್ ಜೆ. ಎನ್. ಚೌಧರಿಯವರ ಮುಂದಾಳುತನದಲ್ಲಿ ಅದು ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯನ್ನು ಹಿಡಿದು ಉಮರ್ಗಾ, ರಾಜೇಶ್ವರಗಳ ಕಡೆಯಿಂದ ಪೂರ್ವಕ್ಕೆ ಸಾಗಿತು. ಹುಮನಾಬಾದ್ ಇರುವುದು ಆ ದಾರಿಯಲ್ಲೇ.

ಅದೇ ಹೊತ್ತಿನಲ್ಲಿ, ಸಾವಿರಾರು ಮೈಲಿಗಳಾಚೆ, ಪ್ಯಾರಿಸ್ ನಗರದಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಇದೇ ನಾಡಿನ ಪ್ರಶ್ನೆ ಬಂದಿತು. ಹುಮನಾಬಾದಿನ ದಾರಿಗೂ ಪ್ಯಾರಿಸಿನ ಸಭಾಭವನಕ್ಕೂ ಸಂಬಂಧ ಕಲ್ಪಿಸಿದ್ದು ಒಂದು ನಂಬಿಕೆ. ದೂರದ ಬಲಶಾಲಿ ರಾಷ್ಟ್ರವೊಂದು ತಮ್ಮ ಕೈಹಿಡಿಯುವುದೆಂಬ ನಿಜಾಮರ ನಂಬಿಕೆ.

ಶ್ರೀಮಂತ ದೊರೆಯ ಬೇಡಿಕೆ

ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರು ಅಮೆರಿಕಕ್ಕೆ ಹೊಸದಾಗಿರಲಿಲ್ಲ. 1937ರ ಫೆಬ್ರವರಿಯಲ್ಲಿ ಅಲ್ಲಿನ ‘ಟೈಮ್’ ಪತ್ರಿಕೆಯು ಜಗತ್ತಿನ ಅತ್ಯಂತ ಧನಿಕನೆಂದು ಅವರ ಚಿತ್ರವನ್ನು ಮುಖಪುಟದಲ್ಲಿ ಅಚ್ಚುಮಾಡಿತ್ತು. 1947ರಲ್ಲಿ ಬ್ರಿಟಿಷರು ನಿರ್ಗಮಿಸಿದಾಗ ನಿಜಾಮರು ಭಾರತವನ್ನೂ ಸೇರಲಿಲ್ಲ, ಪಾಕಿಸ್ತಾನವನ್ನೂ ಸೇರಲಿಲ್ಲ. ಅದೇ ನವೆಂಬರಿನಲ್ಲಿ ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದರು. ಆ ವರ್ಷ ಮುಗಿಯುವ ಮುನ್ನವೇ ಮನಸ್ತಾಪ ಬೆಳೆಯಿತು. 1948ರಲ್ಲಿ ಅವರು ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ನರಿಗೆ ಪತ್ರ ಬರೆದು, ಭಾರತಕ್ಕೂ ತಮಗೂ ನಡುವೆ ಪಂಚಾಯಿತಿ ಮಾಡಬೇಕೆಂದು ಕೋರಿದರು. ಟ್ರೂಮನ್ ಒಪ್ಪಲಿಲ್ಲ.

ಈ ನಿರಾಕರಣೆಯ ಅರ್ಥ ತಿಳಿಯಬೇಕಾದರೆ ಅಮೆರಿಕದ ಹಿಂದಿನ ನಡೆಯನ್ನು ಅರಿಯಬೇಕು.

ಏಕಾಂತದಿಂದ ಅಧಿಕಾರದೆಡೆಗೆ

ಪರರಾಷ್ಟ್ರಗಳೊಡನೆ ಶಾಶ್ವತ ಮೈತ್ರಿಯ ಕಟ್ಟಿಗೆ ಸಿಲುಕಬಾರದೆಂದು ಜಾರ್ಜ್ ವಾಷಿಂಗ್ಟನ್ 1796ರಲ್ಲಿ ತಮ್ಮ ಜನರಿಗೆ ಬುದ್ಧಿ ಹೇಳಿದರು. ಯೂರೋಪಿನ ಜಗಳದಿಂದ ದೂರವಿರುವ ಈ ಏಕಾಂತ ನೀತಿಯು ಒಂದು ಶತಮಾನಕ್ಕೂ ಮೀರಿ ಆ ದೇಶಕ್ಕೆ ದಾರಿ ತೋರಿತು. ಆದರೆ ಅದು ಪೂರ್ಣ ಏಕಾಂತವೇನೂ ಆಗಿರಲಿಲ್ಲ. 1823ರಲ್ಲಿ ಅಧ್ಯಕ್ಷ ಮನ್ರೋ ಅಮೆರಿಕ ಖಂಡಗಳಿಗೆ ಯೂರೋಪಿನವರು ಕೈಹಾಕಬಾರದೆಂದು ಸಾರಿದರು. ಮೆಕ್ಸಿಕೋದೊಡನೆ ಯುದ್ಧ ಮಾಡಿ ವಿಶಾಲವಾದ ಭೂಭಾಗವನ್ನು ಪಡೆದದ್ದೂ, 1898ರಲ್ಲಿ ಸ್ಪೇನನ್ನು ಸೋಲಿಸಿ ಫಿಲಿಪ್ಪೀನ್ಸ್ ದ್ವೀಪಗಳನ್ನು ವಶಪಡಿಸಿಕೊಂಡದ್ದೂ ಇದೇ ರಾಷ್ಟ್ರವೇ.

ಮೊದಲನೆಯ ಮಹಾಯುದ್ಧದ ತರುವಾಯ ಅಧ್ಯಕ್ಷ ವಿಲ್ಸನ್ ರಾಷ್ಟ್ರಸಂಘದ ಸ್ಥಾಪನೆಗೆ ದುಡಿದರು. ಆದರೆ ಅವರ ಸ್ವದೇಶದ ಸೆನೆಟ್ ಸಭೆಯೇ 1919ರಲ್ಲಿಯೂ 1920ರಲ್ಲಿಯೂ ಒಪ್ಪಿಗೆ ಕೊಡದೆ ಹೋಯಿತು. 1930ರ ದಶಕದಲ್ಲಿ ತಾಟಸ್ಥ್ಯದ ಕಾಯಿದೆಗಳು ಒಂದರ ಹಿಂದೊಂದಾಗಿ ಬಂದುವು. 1941ರ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಪರ್ಲ್ ಹಾರ್ಬರಿನ ಮೇಲೆ ಬಾಂಬು ಸುರಿಸಿದಾಗ ಆ ಬಾಗಿಲು ತೆರೆಯಿತು. ರಾಷ್ಟ್ರಸಂಘವನ್ನು ತಿರಸ್ಕರಿಸಿದ್ದ ಸೆನೆಟ್ 1945ರ ಜುಲೈ 28ರಂದು ವಿಶ್ವಸಂಸ್ಥೆಯ ಸನ್ನದನ್ನು 89 ಮತಗಳಿಂದ ಅನುಮೋದಿಸಿತು. ವಿರುದ್ಧವಾಗಿ ಬಿದ್ದ ಮತಗಳು ಎರಡೇ. 1947ರ ಮಾರ್ಚಿಯಲ್ಲಿ ಗ್ರೀಸ್ ಮತ್ತು ತುರ್ಕಿಗಳಿಗೆ ನೆರವನ್ನು ಘೋಷಿಸಿದ ಟ್ರೂಮನ್ ಏಕಾಂತದ ಯುಗ ಮುಗಿಯಿತೆಂಬುದನ್ನು ಜಗತ್ತಿಗೆ ಮನದಟ್ಟುಮಾಡಿದರು.

ಜಗತ್ತಿನ ರಂಗಕ್ಕೆ ಇಳಿದ ಈ ಮಹಾಶಕ್ತಿ ತಮ್ಮ ಮೊರೆಯನ್ನೂ ಆಲಿಸೀತೆಂದು ನಿಜಾಮರು ನೆಚ್ಚಿದ್ದು ಆಶ್ಚರ್ಯವಲ್ಲ. ಆದರೆ ರಂಗಕ್ಕಿಳಿದವನು ಎಲ್ಲ ಪಾತ್ರಗಳನ್ನೂ ತಾನೇ ವಹಿಸುವುದಿಲ್ಲ. 1948ರ ಜೂನ್‌ನಿಂದ ರಷ್ಯನ್ನರು ಬರ್ಲಿನ್ ನಗರದ ದಾರಿಗಳನ್ನು ಮುಚ್ಚಿದ್ದರು. ಅಲ್ಲಿನ ಜನರಿಗೆ ಅನ್ನವನ್ನೂ ಕಲ್ಲಿದ್ದಲನ್ನೂ ಅಮೆರಿಕದ ಮತ್ತು ಬ್ರಿಟನ್ನಿನ ವಿಮಾನಗಳು ಹೊತ್ತು ಒಯ್ಯುತ್ತಿದ್ದುವು. ಪ್ಯಾಲೆಸ್ತೀನಿನಲ್ಲಿ ಯುದ್ಧ ನಡೆದಿತ್ತು. ನವೆಂಬರಿನಲ್ಲಿ ಟ್ರೂಮನ್ನರು ಚುನಾವಣೆಯನ್ನು ಎದುರಿಸಬೇಕಾಗಿತ್ತು. ಸುತ್ತಲೂ ಭಾರತದ ನೆಲವೇ ಇದ್ದು ಕಡಲಿನ ದಾರಿಯಿಲ್ಲದ ಸಂಸ್ಥಾನವೊಂದಕ್ಕಾಗಿ, ಆಗತಾನೇ ಸ್ವತಂತ್ರವಾದ ಭಾರತವನ್ನು ಎದುರುಹಾಕಿಕೊಳ್ಳುವುದರಲ್ಲಿ ಅಮೆರಿಕಕ್ಕೆ ಯಾವ ಲಾಭವೂ ಇರಲಿಲ್ಲ.

ಪ್ಯಾರಿಸಿನಲ್ಲಿ ನಡೆದದ್ದು

ಆಗಸ್ಟ್ 21ರಂದೇ ಹೈದರಾಬಾದಿನ ದೂರು ತಂತಿಯ ಮೂಲಕ ಭದ್ರತಾ ಮಂಡಳಿಗೆ ಹೋಗಿತ್ತು. ಸೆಪ್ಟೆಂಬರ್ 16ರಂದು ಅದು ಸಭೆಯ ಮುಂದೆ ಬಂದಿತು. ಹೈದರಾಬಾದಿನ ಪರವಾಗಿ ಮೊಯಿನ್ ನವಾಜ್ ಜಂಗ್ ನಿಂತರು. ಭಾರತದ ಪರವಾಗಿ ಮಾತನಾಡಿದವರು ಮೈಸೂರಿನ ದಿವಾನರಾಗಿದ್ದ ಸರ್ ಎ. ರಾಮಸ್ವಾಮಿ ಮೊದಲಿಯಾರರು. ಹೈದರಾಬಾದ್ ಸ್ವತಂತ್ರ ರಾಷ್ಟ್ರವೇ ಅಲ್ಲ, ಆದಕಾರಣ ಮಂಡಳಿಗೆ ಈ ವಿಚಾರದಲ್ಲಿ ಅಧಿಕಾರವಿಲ್ಲವೆಂಬುದು ಭಾರತದ ವಾದ. ವಿಷಯವನ್ನು ಚರ್ಚೆಗೆ ಎತ್ತಿಕೊಳ್ಳಲು ಅಮೆರಿಕವೂ ಸೇರಿ 8 ರಾಷ್ಟ್ರಗಳು ಮತವಿತ್ತುವು. 3 ರಾಷ್ಟ್ರಗಳು ತಟಸ್ಥವಾಗಿ ಉಳಿದುವು. ಅಮೆರಿಕ ಕಿವಿಗೊಟ್ಟಿತು, ಕೈಚಾಚಲಿಲ್ಲ.

ಮರುದಿನವೇ, ಅಂದರೆ 17ರಂದು, ನಿಜಾಮರು ಕದನವಿರಾಮವನ್ನು ಘೋಷಿಸಿದರು. 18ರಂದು ಅವರ ಸೇನಾಪತಿ ಎಲ್ ಎದ್ರೂಸ್ ಜನರಲ್ ಚೌಧರಿಯವರಿಗೆ ಶರಣಾದರು. 22ರಂದು ನಿಜಾಮರು ತಮ್ಮ ದೂರನ್ನೇ ಹಿಂತೆಗೆದುಕೊಂಡರು. ವಿಷಯ ಮಂಡಳಿಯ ಪಟ್ಟಿಯಲ್ಲಿ ಬಹುಕಾಲ ಉಳಿಯಿತಾದರೂ ಅದರ ಮೇಲೆ ಯಾವ ತೀರ್ಮಾನವೂ ಆಗಲಿಲ್ಲ.

ಹಳ್ಳಿಗರು ತೆತ್ತ ಬೆಲೆ

ದೊರೆಯ ದೃಷ್ಟಿ ವಾಷಿಂಗ್ಟನ್ನಿನ ಮೇಲೆ ನೆಟ್ಟಿದ್ದಾಗ ಬೀದರ್ ಸೀಮೆಯ ಪ್ರಜೆಗಳ ಗತಿಯೇನಾಗಿತ್ತು? ಖಾಸಿಂ ರಜ್ವಿಯ ರಜಾಕಾರರ ಹಾವಳಿಗೆ ಹಳ್ಳಿಹಳ್ಳಿಗಳು ನಡುಗುತ್ತಿದ್ದುವು. ಬಸವಕಲ್ಯಾಣದ ಆಸುಪಾಸಿನ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಆ ಸೀಮೆ ಇಂದಿಗೂ ಮರೆತಿಲ್ಲ. ಸೇನೆ ಬಂದ ಮೇಲೆ ರಜಾಕಾರರ ದರ್ಪ ಅಡಗಿತು. ಆದರೆ ಅದರ ಬೆನ್ನಿಗೇ ಸೇಡಿನ ಹಿಂಸೆ ಹೊತ್ತಿತು. ಪ್ರಧಾನಿ ನೆಹರೂ ಕಳುಹಿದ ಪಂಡಿತ ಸುಂದರಲಾಲರ ತಂಡವು ಅದನ್ನು ವಿಚಾರಿಸಿ ವರದಿ ಮಾಡಿತು. ಸಂಸ್ಥಾನದಲ್ಲಿ ಒಟ್ಟು 27,000ದಿಂದ 40,000 ಜನ ಮಡಿದಿರಬೇಕೆಂದು ಅದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ್ ಎರಡೂ ಇದ್ದುವು. ಸತ್ತವರಲ್ಲಿ ಬಹುಮಂದಿ ಮುಸ್ಲಿಮರು. ನಿಜಾಮರ ರಾಜತಂತ್ರವನ್ನಾಗಲಿ ರಜ್ವಿಯ ಆಟೋಪವನ್ನಾಗಲಿ ಕೇಳಿ ತಿಳಿದವರಲ್ಲದ ಬಡವರು ಅವರಲ್ಲಿ ಎಷ್ಟೋ ಮಂದಿ. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ.

ದೂರದ ಬೆಟ್ಟ ನುಣ್ಣಗೆ ಎಂಬುದು ಕನ್ನಡಿಗರ ಅನುಭವದ ಮಾತು. ಅಮೆರಿಕ ಏಕಾಂತದಲ್ಲಿದ್ದಾಗಲೂ ಜಗತ್ತಿನ ನಡುವೆ ನಿಂತಾಗಲೂ ತನ್ನ ಹಿತವನ್ನು ತೂಗಿಯೇ ಹೆಜ್ಜೆಯಿಟ್ಟಿತು. ಅದು ಮೋಸವಲ್ಲ, ದೊಡ್ಡ ರಾಷ್ಟ್ರಗಳ ಸ್ವಭಾವ. ತಪ್ಪಿದ್ದು ನಿಜಾಮರ ಲೆಕ್ಕ. ಸಾಗರದಾಚೆಯ ಮಧ್ಯಸ್ಥನನ್ನು ಹುಡುಕಿದ ದೊರೆಯು ಕೈಗೆಟುಕುವ ಊರುಗಳಲ್ಲಿ ರಜಾಕಾರರನ್ನು ತಡೆದು ಪ್ರಜೆಗಳ ವಿಶ್ವಾಸವನ್ನು ಗಳಿಸಿದ್ದರೆ, ಎಷ್ಟೋ ಮನೆಗಳ ದೀಪ ಆರದೆ ಉಳಿಯುತ್ತಿತ್ತು.

1956ರ ನವೆಂಬರ್ 1ರಂದು ಬೀದರ್ ಸೀಮೆಯ ಕನ್ನಡ ಭಾಗ ಮೈಸೂರು ರಾಜ್ಯವನ್ನು ಸೇರಿತು. ಸೇನೆ ಸಾಗಿದ ಹೆದ್ದಾರಿಯಲ್ಲಿ ಇಂದು ಸೊಲ್ಲಾಪುರಕ್ಕೂ ಹೈದರಾಬಾದಿಗೂ ಬಸ್ಸು ಲಾರಿಗಳು ಓಡಾಡುತ್ತವೆ. ಅದರ ಇಕ್ಕೆಲದ ಹಳ್ಳಿಗಳಲ್ಲಿ ಎರಡು ಮತಗಳ ಜನರೂ ಅಕ್ಕಪಕ್ಕದಲ್ಲೇ ಬಾಳುತ್ತಿದ್ದಾರೆ. ಆಪತ್ತು ಬಂದಾಗ ಮೊದಲು ತಟ್ಟಬೇಕಾದದ್ದು ನೆರೆಮನೆಯ ಬಾಗಿಲನ್ನೇ.