ಎಚ್.ಐ.ವಿ. ರಕ್ತಪರೀಕ್ಷೆ: ಫಲಿತಾಂಶವನ್ನು ಅರಿಯುವ ಬಗೆ

ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲ ಬಾರಿಗೆ ಪತ್ತೆಯಾದುದು 1986ರಲ್ಲಿ, ಮದ್ರಾಸಿನಲ್ಲಿ. ಅಂದಿನಿಂದ ಪರೀಕ್ಷಾ ವಿಧಾನಗಳು ಬಹಳಷ್ಟು ಸುಧಾರಿಸಿವೆ. ಆದರೂ ಯಾವುದೇ ಒಂದು ಪರೀಕ್ಷೆ ಸಂಪೂರ್ಣ ದೋಷರಹಿತವಲ್ಲ. ಆದುದರಿಂದ ಪರೀಕ್ಷೆಯು ಏನನ್ನು ಪತ್ತೆಹಚ್ಚುತ್ತದೆ, ಅದರ ಫಲಿತಾಂಶವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಪ್ರತಿಯೊಬ್ಬರೂ ತಿಳಿದಿರುವುದು ಅಗತ್ಯ.

ಪ್ರತಿಜನಕ ಮತ್ತು ಪ್ರತಿಕಾಯ

ವೈರಾಣುವಿನ ತಿರುಳನ್ನು ಆವರಿಸಿರುವ ಪ್ರೋಟೀನನ್ನು ಪಿ-24 ಪ್ರತಿಜನಕವೆಂದು ಕರೆಯುತ್ತಾರೆ. ಸೋಂಕು ತಗುಲಿದ ಸುಮಾರು ಎರಡು-ಮೂರು ವಾರಗಳಲ್ಲಿ ಇದು ರಕ್ತದಲ್ಲಿ ಗೋಚರಿಸುತ್ತದೆ. ಅನಂತರ ಶರೀರವು ಪ್ರತಿಕಾಯಗಳನ್ನು ಉತ್ಪಾದಿಸುತ್ತದೆ. ಅವು ಪ್ರತಿಜನಕದೊಡನೆ ಬೆಸೆದುಕೊಳ್ಳುವುದರಿಂದ ಅದರ ಪತ್ತೆ ಕಠಿಣವಾಗುತ್ತದೆ. ಹೀಗಾಗಿ ಪ್ರತಿಜನಕವನ್ನಷ್ಟೇ ಹುಡುಕುವ ಪರೀಕ್ಷೆಯು ಹಳೆಯ ಸೋಂಕನ್ನೂ, ಪ್ರತಿಕಾಯವನ್ನಷ್ಟೇ ಹುಡುಕುವ ಪರೀಕ್ಷೆಯು ಹೊಸ ಸೋಂಕನ್ನೂ ಗುರುತಿಸದೆ ಹೋಗಬಹುದು. ನಾಲ್ಕನೆಯ ಪೀಳಿಗೆಯ ಎಲಿಸಾ ಪರೀಕ್ಷೆಯು ಎರಡನ್ನೂ ಒಟ್ಟಿಗೆ ಹುಡುಕುತ್ತದೆ. ಆದರೂ ಸೋಂಕಿನ ಆರಂಭದ ಕೆಲವು ದಿನಗಳಲ್ಲಿ ಯಾವುದೂ ಕಾಣಿಸದ 'ಗವಾಕ್ಷಿ ಅವಧಿ' ಇದ್ದೇ ಇರುತ್ತದೆ.

ಪರೀಕ್ಷೆಯ ಮೌಲ್ಯಮಾಪನ

ಪರೀಕ್ಷಾ ಕಿಟ್ಟುಗಳನ್ನು ಅಳೆಯುವ ಮಾನದಂಡಗಳು ಎರಡು. ಸೋಂಕಿತರನ್ನು ತಪ್ಪದೆ ಗುರುತಿಸುವ ಸಾಮರ್ಥ್ಯವೇ ಸಂವೇದನಾಶೀಲತೆ. ಸೋಂಕಿಲ್ಲದವರನ್ನು ಸೋಂಕಿಲ್ಲದವರೆಂದೇ ತೋರಿಸುವ ಸಾಮರ್ಥ್ಯವೇ ನಿರ್ದಿಷ್ಟತೆ. ಸ್ಥಿತಿ ಮೊದಲೇ ಖಚಿತವಾಗಿರುವ ರಕ್ತದ ಮಾದರಿಗಳ ಮೇಲೆ ಕಿಟ್ಟನ್ನು ಪ್ರಯೋಗಿಸಿ ಇವನ್ನು ಲೆಕ್ಕ ಹಾಕಲಾಗುತ್ತದೆ. ನೋಯ್ಡಾದ ರಾಷ್ಟ್ರೀಯ ಜೈವಿಕ ಸಂಸ್ಥೆಯು ಕಿಟ್ಟುಗಳ ಗುಣಮಟ್ಟವನ್ನು ಪರೀಕ್ಷಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಂತಹ ರಾಷ್ಟ್ರೀಯ ರೆಫರೆನ್ಸ್ ಪ್ರಯೋಗಾಲಯಗಳು ಇತರ ಪ್ರಯೋಗಾಲಯಗಳ ಕೆಲಸದ ಗುಣಮಟ್ಟವನ್ನು ಪರಿಶೀಲಿಸುತ್ತವೆ.

ಒಂದೇ ಪರೀಕ್ಷೆ ಏಕೆ ಸಾಲದು?

2021ರ ಅಂದಾಜಿನಂತೆ ದೇಶದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇಕಡಾ 0.2ರಷ್ಟು. ಅಂದರೆ 1,00,000 ಜನರಲ್ಲಿ ಸುಮಾರು 200 ಮಂದಿ ಸೋಂಕಿತರು. ಉದಾಹರಣೆಗಾಗಿ, ಶೇಕಡಾ 99.5 ಸಂವೇದನಾಶೀಲತೆ ಮತ್ತು ಶೇಕಡಾ 99 ನಿರ್ದಿಷ್ಟತೆ ಉಳ್ಳ ಪರೀಕ್ಷೆಯೊಂದನ್ನು ಇವರೆಲ್ಲರಿಗೂ ಮಾಡಿದರೆ, 199 ಸೋಂಕಿತರು ಪತ್ತೆಯಾಗುತ್ತಾರೆ. ಆದರೆ ಸೋಂಕಿಲ್ಲದ 99,800 ಮಂದಿಯಲ್ಲಿ 998 ಮಂದಿಗೂ ಸೋಂಕಿದೆಯೆಂಬ ಹುಸಿ ಫಲಿತಾಂಶ ಬರುತ್ತದೆ! ಸೋಂಕಿದೆಯೆಂದು ತೋರಿದ ಆರು ಮಂದಿಯಲ್ಲಿ ನಿಜವಾಗಿ ಸೋಂಕಿತರು ಒಬ್ಬರು ಮಾತ್ರ.

ಈ ಕಾರಣದಿಂದಲೇ, ರೋಗಲಕ್ಷಣಗಳಿಲ್ಲದ ವ್ಯಕ್ತಿಗೆ ಸೋಂಕಿದೆಯೆಂದು ಘೋಷಿಸುವ ಮುನ್ನ ಭಿನ್ನ ತತ್ತ್ವ ಅಥವಾ ಭಿನ್ನ ಪ್ರತಿಜನಕಗಳನ್ನು ಆಧರಿಸಿದ ಮೂರು ಪರೀಕ್ಷೆಗಳಲ್ಲಿಯೂ ಸೋಂಕು ಕಂಡುಬರಬೇಕು. ರಕ್ತನಿಧಿಗಳ ನಿಯಮ ಬೇರೆ. ಅಲ್ಲಿ ಒಂದೇ ಪರೀಕ್ಷೆಯಲ್ಲಿ ಸಂಶಯ ಕಂಡರೂ ಆ ರಕ್ತವನ್ನು ಬಳಸುವುದಿಲ್ಲ. ರಕ್ತ ಪಡೆಯುವವರ ಸುರಕ್ಷತೆಯೇ ಅಲ್ಲಿ ಮುಖ್ಯ. ಹೈದರಾಬಾದಿನ ಮಲ್ಕಾಜ್‌ಗಿರಿಯ ಶಿಬಿರದಲ್ಲಿ ರಕ್ತ ನೀಡಿದವರಿರಲಿ, ಕಲಬುರಗಿಯಲ್ಲಿ ನೀಡಿದವರಿರಲಿ, ಇಂತಹ ಸೂಚನೆ ಬಂದ ಮಾತ್ರಕ್ಕೆ ತಾವು ಸೋಂಕಿತರೆಂದು ಭಾವಿಸಬಾರದು. ಪರೀಕ್ಷಾ ಕೇಂದ್ರಕ್ಕೆ ಹೋಗಿ ದೃಢಪಡಿಸಿಕೊಳ್ಳಬೇಕು. ಅಂತೆಯೇ, ಇತ್ತೀಚೆಗೆ ಸೋಂಕಿನ ಅಪಾಯಕ್ಕೆ ಒಳಗಾದವರು ಪರೀಕ್ಷೆಗೆಂದು ರಕ್ತದಾನ ಮಾಡಲೇಬಾರದು.

ನಿಮ್ಮ ಹಕ್ಕು

2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ 2017ರ ಎಚ್.ಐ.ವಿ. ಮತ್ತು ಏಡ್ಸ್ ಅಧಿನಿಯಮದಂತೆ, ರೋಗನಿರ್ಣಯದ ಪರೀಕ್ಷೆಗೆ ವ್ಯಕ್ತಿಯ ತಿಳಿವಳಿಕೆಯ ಸಮ್ಮತಿ ಅಗತ್ಯ; ಫಲಿತಾಂಶ ಗೋಪ್ಯವಾಗಿರಬೇಕು. ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಆಪ್ತಸಮಾಲೋಚನೆ ಹಾಗೂ ಚಿಕಿತ್ಸೆ ಉಚಿತವಾಗಿ ದೊರೆಯುತ್ತವೆ. ಮಾಹಿತಿಗಾಗಿ ಶುಲ್ಕರಹಿತ ದೂರವಾಣಿ 1097ಕ್ಕೆ ಕರೆ ಮಾಡಬಹುದು. ಸಕಾಲದಲ್ಲಿ ಚಿಕಿತ್ಸೆ ಆರಂಭಿಸಿದ ಸೋಂಕಿತರು ದೀರ್ಘಕಾಲ ಆರೋಗ್ಯದಿಂದ ಬಾಳಬಲ್ಲರು. ಆದುದರಿಂದ ಪರೀಕ್ಷೆಗೆ ಅಂಜದಿರಿ. ಅಪೂರ್ಣ ಫಲಿತಾಂಶವನ್ನು ನಂಬಿ ಎದೆಗುಂದದಿರಿ.