4ಜಿ ಬಂದರೆ ಹಳೇ ಮೊಬೈಲ್ ಸ್ಟಾರ್ಟರ್ ಗುಜರಿಗೇ?

ನಮ್ಮ ಹರಪನಹಳ್ಳಿ ತಾಲೂಕು ಮಳೆ ನಂಬಿದ ಸೀಮೆ. ಮೆಕ್ಕೆಜೋಳ, ಶೇಂಗಾ, ಸಜ್ಜೆ, ಈರುಳ್ಳಿ ನಮ್ಮ ಬೆಳೆಗಳು. ನಡುನಡುವೆ ಬೋರಿನಲ್ಲಿ ಒಂದೋ ಎರಡೋ ಇಂಚು ನೀರು ಸಿಕ್ಕವರು ಒಂದೆರಡು ಎಕರೆ ತೋಟ ಮಾಡಿಕೊಂಡಿದ್ದಾರೆ. ಅಂಥ ಹೊಲಗಳಲ್ಲಿ ಈಗ ಮೋಟಾರ್ ಪೆಟ್ಟಿಗೆ ಪಕ್ಕ ಇನ್ನೊಂದು ಸಣ್ಣ ಡಬ್ಬಿ ಕಾಣುತ್ತೆ. ಅದೇ ಮೊಬೈಲ್ ಸ್ಟಾರ್ಟರ್. ಮನೆಯಿಂದ ಒಂದು ಮಿಸ್ಡ್ ಕಾಲ್ ಕೊಟ್ಟರೆ ಮೋಟ್ರು ಚಾಲೂ. ತ್ರೀಫೇಸ್ ಕರೆಂಟು ರಾತ್ರಿ ಒಂದಕ್ಕೋ ಎರಡಕ್ಕೋ ಬಂದಾಗ ಹಾವು, ಚೇಳು, ಕರಡಿಗೆ ಅಂಜುತ್ತಾ ಹೊಲಕ್ಕೆ ಹೋಗೋದು ತಪ್ಪಿದೆ.

ಈಗ ಒಂದು ಮಾತು ಊರೂರಿಗೆ ಹಬ್ಬಿದೆ. "4ಜಿ ಆಯ್ತು, 5ಜಿನೂ ಬಂತು, ನಿಮ್ಮ ಹಳೇ ಡಬ್ಬಿ ಇನ್ನು ನಡೆಯಲ್ಲ, ಹೊಸದು ಹಾಕಿಸಿ" ಅಂತ ಅಂಗಡಿಯವರು ಹೇಳುತ್ತಿದ್ದಾರೆ. ಹೊಸ ಡಬ್ಬಿ ಅಂದರೆ ಎರಡು ಮೂರು ಕ್ವಿಂಟಾಲ್ ಮೆಕ್ಕೆಜೋಳ ಮಾರಿದ ದುಡ್ಡು. ಹಾಗಾಗಿ ಈ ಮಾತು ಎಷ್ಟು ನಿಜ ಅಂತ ನೋಡಿಯೇ ಕೈ ಜೇಬಿಗೆ ಹೋಗಬೇಕು.

ಡಬ್ಬಿಯೊಳಗೆ ಏನಿದೆ?

ಮುಚ್ಚಳ ತೆಗೆದರೆ ಒಳಗೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಒಂದು ಲೋಹದ ಚೌಕ ಇರುತ್ತೆ. ಅದಕ್ಕೆ ಮೋಡೆಮ್ ಅಂತಾರೆ. ಟವರಿನ ಜತೆ ಮಾತಾಡೋದು ಅದೊಂದೇ. ನಮ್ಮ ಕರೆ ಬಂದಾಗ ನಂಬರ್ ಗುರುತು ಹಿಡಿದು ರಿಲೇ ಎಳೆಯುತ್ತೆ, ರಿಲೇ ಸ್ಟಾರ್ಟರ್ ಎಳೆಯುತ್ತೆ. ಆಮೇಲೆ ನಮಗೆ ಮೆಸೇಜು ಬರುತ್ತೆ. ಇಷ್ಟಕ್ಕೆ ಬೇಕಾದ್ದು ಕರೆ ಮತ್ತು ಮೆಸೇಜು ಮಾತ್ರ, ಇಂಟರ್ನೆಟ್ ವೇಗ ಬೇಕಿಲ್ಲ. ಅದಕ್ಕೇ ಹಳೇ ಡಬ್ಬಿಗಳಲ್ಲಿ ಹೆಚ್ಚಿನವು 2ಜಿ ಮೋಡೆಮ್.

ಹೊಸದು ಬಂದರೆ ಹಳೇದು ಸಾಯೋದಿಲ್ಲ

ಊರಿಗೆ ಟಾರ್ ರಸ್ತೆ ಬಂತು ಅಂತ ಬಂಡಿಜಾಡು ಮುಚ್ಚೋದಿಲ್ಲ. ಯಾರಾದರೂ ಆ ಜಾಡನ್ನೇ ಉತ್ತು ಬಿತ್ತಿದಾಗ ಬಂಡಿ ನಿಲ್ಲುತ್ತೆ. ಟವರಿನ ಲೆಕ್ಕವೂ ಹೀಗೇ. ಅದೇ ಕಂಬದ ಮೇಲೆ 2ಜಿ, 4ಜಿ, 5ಜಿ ಬೇರೆ ಬೇರೆ ತರಂಗದಲ್ಲಿ ಒಟ್ಟಿಗೆ ನಡೆಯುತ್ತವೆ. 5ಜಿ ಏರಿಸಿದ ಮಾತ್ರಕ್ಕೆ 2ಜಿ ಇಳಿಯೋದಿಲ್ಲ. ಕಂಪನಿ ಹಳೇ ತರಂಗವನ್ನು ಹೊಸ ಕೆಲಸಕ್ಕೆ ಎತ್ತಿಕೊಂಡಾಗ ಮಾತ್ರ ಹಳೇ ಮೋಡೆಮ್ ಮೂಕ ಆಗುತ್ತೆ.

ಹೀಗೆ ಆದದ್ದೂ ಉಂಟು. ಹಳೇ ರಿಲಯನ್ಸ್ ಮತ್ತು ಎಂಟಿಎಸ್ ಕಂಪನಿಗಳ ಸಿಡಿಎಂಎ ಡಾಂಗಲ್‌ಗಳನ್ನು ಎಷ್ಟೋ ಮನೆಗಳಲ್ಲಿ ಮಕ್ಕಳ ಓದಿಗೆ ಅಂತ ತಂದಿದ್ದರು. 2017ರ ಹೊತ್ತಿಗೆ ಆ ಟವರ್‌ಗಳು ನಿಂತವು, ಡಾಂಗಲ್ ಕೆಡದೇ ಇದ್ದರೂ ಕಸವಾದವು. 2019-20ರಲ್ಲಿ ಏರ್‌ಟೆಲ್ ದೇಶದಲ್ಲೆಲ್ಲ 3ಜಿ ಮುಚ್ಚಿ ಆ ತರಂಗವನ್ನು 4ಜಿಗೆ ತಿರುಗಿಸಿತು. ಆದರೆ 2ಜಿ ಉಳಿಸಿಕೊಂಡಿತು. ಹಾಗಾಗಿ ಅದರ 3ಜಿ ಡಾಂಗಲ್ 2ಜಿಗೆ ಇಳಿದು ಆಮೆ ಆಯ್ತು, ಮೋಟಾರಿನ 2ಜಿ ಡಬ್ಬಿಗೆ ಏನೂ ಆಗಲಿಲ್ಲ. ಹಳೇದು ಇನ್ನೂ ಹಳೇದಕ್ಕಿಂತ ಮೊದಲು ಹೋಯ್ತು!

ಹೊರದೇಶದಲ್ಲೂ ಇದೇ ಕಥೆ. ಆಸ್ಟ್ರೇಲಿಯಾದಲ್ಲಿ ಟೆಲ್‌ಸ್ಟ್ರಾ ಕಂಪನಿ 3ಜಿ ಮುಚ್ಚುತ್ತೇವೆ ಅಂತ 2019ರಲ್ಲೇ ಹೇಳಿ, 2024ರ ಅಕ್ಟೋಬರ್ 28ರಿಂದ ಮುಚ್ಚಿತು. ನೀರಿನ ಟ್ಯಾಂಕು, ಪಂಪು ಕಾಯುವ 3ಜಿ ಡಬ್ಬಿ ಇದ್ದ ಅಲ್ಲಿನ ರೈತರು ಬದಲಿಸಲೇಬೇಕಾಯ್ತು. ಆದರೆ ತಯಾರಿಗೆ ಐದು ವರ್ಷ ಸಿಕ್ಕಿತ್ತು.

ನಮ್ಮಲ್ಲಿ ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಮೂವರೂ 2ಜಿ ನಡೆಸುತ್ತಿದ್ದಾರೆ. ಜಿಯೋ ಮಾತ್ರ 2016ರಲ್ಲಿ ಶುರುವಾದದ್ದೇ 4ಜಿಯಿಂದ, ಅದಕ್ಕೆ 2ಜಿ ಇಲ್ಲವೇ ಇಲ್ಲ. 2ಜಿ ಮುಚ್ಚಬೇಕು ಅಂತ ಆ ಕಂಪನಿ ಕೇಳುತ್ತಲೇ ಬಂದಿದೆ. ಮುಂದೆ ಒಂದು ದಿನ ಮುಚ್ಚಬಹುದು. ಆದರೆ ಆ ದಿನ ಬರುವ ಮೊದಲೇ ಡಬ್ಬಿ ಕಿತ್ತು ಎಸೆಯೋದು ಮಳೆ ಬರುತ್ತೆ ಅಂತ ಮಾಡಿದ ಬಿತ್ತನೆ ಅಳಿಸಿದ ಹಾಗೆ.

ಡಬ್ಬಿ ನಿಂತರೆ ಮೊದಲು ಇವನ್ನು ನೋಡಿ

ನಮ್ಮ ಊರಲ್ಲಿ "ನೆಟ್‌ವರ್ಕ್ ಬದಲಾಗಿ ಕೆಟ್ಟಿದೆ" ಅಂತ ಹೇಳಿದ ಮೂರು ಡಬ್ಬಿ ನೋಡಿದೆ. ಒಂದರಲ್ಲಿ ಸಿಮ್ಮಿನ ಅವಧಿ ಮುಗಿದಿತ್ತು. ಇನ್ನೊಂದರಲ್ಲಿ ಅಗ್ಗ ಅಂತ ನಂಬರನ್ನು ಜಿಯೋಗೆ ಬದಲಿಸಿದ್ದರು, 2ಜಿ ಡಬ್ಬಿಗೆ ಅದು ಹೇಗೆ ಕೇಳೀತು? ಮೂರನೇದರ ಆಂಟೆನಾ ವೈರನ್ನು ಇಲಿ ಕಡಿದಿತ್ತು. ಮೂರೂ ಡಬ್ಬಿ ಈಗಲೂ ಮೋಟ್ರು ಎಬ್ಬಿಸುತ್ತಿವೆ.

ಹಾಗಾಗಿ ಈ ಕ್ರಮದಲ್ಲಿ ಪರೀಕ್ಷೆ ಮಾಡಿ.

1. ಡಬ್ಬಿಯ ಸಿಮ್ ತೆಗೆದು ಫೋನಿಗೆ ಹಾಕಿ. ಕರೆ ಒಳಗೆ ಬರುತ್ತದೆಯೇ, ಮೆಸೇಜು ಹೊರಗೆ ಹೋಗುತ್ತದೆಯೇ ನೋಡಿ. ಡಬ್ಬಿಗೆ ಡೇಟಾ ಬೇಕಿಲ್ಲ. ಕರೆ ಮತ್ತು ಮೆಸೇಜಿಗೆ ಮಾತ್ರ ಬೇರೆ ರೀಚಾರ್ಜ್ ಕೊಡಬೇಕು ಅಂತ ಟ್ರಾಯ್ 2024ರ ಡಿಸೆಂಬರಿನಲ್ಲಿ ಕಂಪನಿಗಳಿಗೆ ನಿಯಮ ಮಾಡಿದೆ. ಅಂಗಡಿಯಲ್ಲಿ ಅದನ್ನೇ ಕೇಳಿ.

2. ಫೋನಿನ ಸೆಟ್ಟಿಂಗಿನಲ್ಲಿ "2ಜಿ ಮಾತ್ರ" ಅಂತ ಆರಿಸಿ, ಅದೇ ಸಿಮ್ ಹಾಕಿ ಬೋರಿನ ಹತ್ತಿರ ನಿಲ್ಲಿ. ಹಳೇ ಗುಂಡಿ ಫೋನಾದರೂ ಆಯ್ತು, ಆದರೆ 4ಜಿ ಗುಂಡಿ ಫೋನು ಈ ಪರೀಕ್ಷೆಗೆ ಬರೋದಿಲ್ಲ. ಅಲ್ಲಿ ಕಡ್ಡಿ ತೋರಿಸಿ ಕರೆ ಬಂದರೆ 2ಜಿ ಬದುಕಿದೆ. ಬರದಿದ್ದರೆ ಬೇರೆ ಕಂಪನಿ ಸಿಮ್ ಹಾಕಿ ನೋಡಿ.

3. ಮೇನ್ ಕರೆಂಟು ಪೂರ್ತಿ ತೆಗೆದು, ಮುಚ್ಚಳ ಬಿಚ್ಚಿ ಲೋಹದ ಚೌಕದ ಮೇಲಿನ ಹೆಸರು ಓದಿ. ಸಿಮ್ 800, ಸಿಮ್ 900, ಎಂ 95 ಅಂತಿದ್ದರೆ 2ಜಿ. ಎ 7672, ಇಸಿ 200 ಅಂತಿದ್ದರೆ 4ಜಿ. ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರ, ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ.

4. ಆಂಟೆನಾ ವೈರು, ಸಿಮ್ ಕೂರುವ ಜಾಗ ನೋಡಿ. ಹಳೇ ಡಬ್ಬಿಯಲ್ಲಿ ದೊಡ್ಡ ಸಿಮ್ಮಿನ ಗೂಡು ಇರುತ್ತೆ. ಈಗಿನ ಚಿಕ್ಕ ಸಿಮ್ ಹಾಕುವಾಗ ಪ್ಲಾಸ್ಟಿಕ್ ಚೌಕಟ್ಟು ಬೇಕು, ಇಲ್ಲದಿದ್ದರೆ ಅಲುಗಾಡಿ ಸಂಪರ್ಕ ತಪ್ಪುತ್ತೆ.

ಈ ನಾಲ್ಕೂ ಸರಿಯಿದ್ದು, ಯಾವ ಕಂಪನಿಯ 2ಜಿಯೂ ನಿಮ್ಮ ಹೊಲಕ್ಕೆ ಬರದಿದ್ದರೆ ಮಾತ್ರ ಅಂಗಡಿಯವರ ಮಾತು ನಿಜ.

ಹೊಸದು ಕೊಳ್ಳೋರು ಕೇಳಬೇಕಾದ್ದು

ಈಗ ಹೊಸದಾಗಿ ಕೊಳ್ಳೋರು ಬರೀ 2ಜಿ ಡಬ್ಬಿ ಅಗ್ಗಕ್ಕೆ ಸಿಕ್ಕರೂ ತರಬೇಡಿ. 4ಜಿ ಇದ್ದು, 4ಜಿ ಸಿಗದ ಕಡೆ 2ಜಿಗೆ ಇಳಿಯುವಂಥದು ಕೇಳಿ. ಜಿಯೋ ಸಿಮ್ ಹಾಕೋದಾದರೆ "ವೋಲ್ಟಿ ಕರೆ ತಗೊಳ್ಳುತ್ತಾ?" ಅಂತ ಕೇಳಲೇಬೇಕು. 4ಜಿ ಅಂತ ಬರೆದಿದ್ದರೂ ಕೆಲವು ಮೋಡೆಮ್‌ಗಳು ಡೇಟಾ ಮಾತ್ರ ಹಿಡಿಯುತ್ತವೆ, ಕರೆ ಹಿಡಿಯೋದಿಲ್ಲ. ಅಂಗಡಿಯಲ್ಲೇ ನಿಮ್ಮ ಸಿಮ್ ಹಾಕಿ ಕರೆ ಮಾಡಿ ನೋಡಿಯೇ ದುಡ್ಡು ಕೊಡಿ. ಬಹಳ ಹಳೇ ಸಿಮ್ ಕಾರ್ಡು 4ಜಿ ಹಿಡಿಯೋದಿಲ್ಲ, ಅದೇ ನಂಬರಿಗೆ 4ಜಿ ಸಿಮ್ ಬದಲಿಸಿಕೊಳ್ಳಬೇಕು. 5ಜಿ ಮೋಟ್ರು ಡಬ್ಬಿ ಅಂತ ಯಾರಾದರೂ ಹೆಚ್ಚು ದುಡ್ಡು ಕೇಳಿದರೆ ಕೊಡೋದು ಬೇಡ, ಮೋಟ್ರು ಎಬ್ಬಿಸೋಕೆ ಅದು ಬೇಕಿಲ್ಲ.

ಇನ್ನೊಂದು ಕೇಳಿ: ಮೋಡೆಮ್ ಕೆಟ್ಟರೆ ಅದೊಂದನ್ನೇ ಬದಲಿಸಬಹುದಾ? ಪುಣೆಯ ಸಂತೋಷ್ ಓಸ್ತವಾಲ್ ಅವರ ನ್ಯಾನೋ ಗಣೇಶ್ ಈ ಬಗೆಯ ಸಾಧನಗಳಲ್ಲಿ ಮೊದಮೊದಲಿನದು. ಶುರುವಿನಲ್ಲಿ ಅದಕ್ಕೆ ಮಾಮೂಲಿ ಮೊಬೈಲ್ ಫೋನನ್ನೇ ಜೋಡಿಸುತ್ತಿದ್ದರು. ಫೋನು ಬೇರೆ, ಡಬ್ಬಿ ಬೇರೆ ಆದ್ದರಿಂದ ಒಂದು ಹಾಳಾದರೆ ಇನ್ನೊಂದು ಉಳಿಯುತ್ತಿತ್ತು. ಈಗಿನ ಡಬ್ಬಿಗಳಲ್ಲಿ ಎಲ್ಲವೂ ಒಂದೇ ಹಲಗೆಗೆ ಬೆಸುಗೆ ಆಗಿರುತ್ತೆ. ಮೋಡೆಮ್ ಬೇರೆ ಹಲಗೆಯಲ್ಲಿರುವ ಡಬ್ಬಿ ಸಿಕ್ಕರೆ ನೂರಿನ್ನೂರು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಬದಲಿಸುವ ದಿನ ಬಂದಾಗಲೂ ಪೂರಾ ಪೆಟ್ಟಿಗೆ ಕೀಳಿಸಬೇಡಿ. ಸ್ಟಾರ್ಟರ್, ಕೇಬಲ್, ಫ್ಯೂಸು ಎಲ್ಲ ಹಳೇದೇ ನಡೆಯುತ್ತೆ. ಬದಲಾಗಬೇಕಾದ್ದು ಮೊಬೈಲ್ ಡಬ್ಬಿ ಮಾತ್ರ. ನಿಮ್ಮ ಊರಿನಲ್ಲಿ 2ಜಿ ನಿಜವಾಗಿ ನಿಂತಿದ್ದರೆ, ಅಥವಾ ಮೋಡೆಮ್ ಒಂದನ್ನೇ ಬದಲಿಸಿ ಕೊಡುವ ಮೆಕ್ಯಾನಿಕ್ ಇದ್ದರೆ ಪತ್ರಿಕೆಗೆ ಬರೆಯಿರಿ. ಬಹಳ ಜನಕ್ಕೆ ಅದರಿಂದ ದುಡ್ಡು ಉಳಿಯುತ್ತೆ.