ಹಬ್ಬಕ್ಕೆ ಸಂಬಂಧವಿಲ್ಲದ ಕ್ರಿಸ್ಮಸ್ ಕಾಯಿಲೆ

ಮಕ್ಕಳೇ, ‘ಕ್ರಿಸ್ಮಸ್ ಕಾಯಿಲೆ’ ಎಂಬುದೊಂದಿದೆ, ಕೇಳಿದ್ದೀರಾ? ಸ್ಟೀಫನ್ ಕ್ರಿಸ್ಮಸ್ ಎಂಬ ಐದು ವರ್ಷದ ಹುಡುಗನ ರಕ್ತ ಪರೀಕ್ಷಿಸಿ ಗುರುತಿಸಿದ್ದರಿಂದ ಅವನ ಹೆಸರೇ ಅದಕ್ಕೆ ಉಳಿಯಿತು. ಆ ವರದಿ ಅಚ್ಚಾದದ್ದೂ 1952ರ ಡಿಸೆಂಬರ್ ಕೊನೆಯ ವಾರದಲ್ಲಿ! ಇದು ಹಿಮೋಫಿಲಿಯಾದ ‘ಬಿ’ ವಿಧ. ‘ಎ’ ವಿಧ ಇನ್ನೂ ಹೆಚ್ಚು. ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಇರುತ್ತದೆ.

ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಹಲವು ಪ್ರೋಟೀನುಗಳು ಒಂದರ ಹಿಂದೆ ಒಂದು ಕೆಲಸ ಮಾಡಬೇಕು. ನಾನು ಗುಮಾಸ್ತನಾಗಿದ್ದ ಬ್ಯಾಂಕಿನಲ್ಲಿ ಚೆಕ್ಕು ಮೇಜಿನಿಂದ ಮೇಜಿಗೆ ಹೋಗಿ ಕ್ಯಾಷಿಯರ್ ಕೈ ಸೇರುತ್ತಿತ್ತು. ನಡುವೆ ಒಂದು ಕುರ್ಚಿ ಖಾಲಿಯಿದ್ದರೆ ಗಿರಾಕಿ ಟೋಕನ್ ಹಿಡಿದು ಕಾಯಬೇಕು. ಹಾಗೆಯೇ ‘ಎ’ ವಿಧದಲ್ಲಿ ಫ್ಯಾಕ್ಟರ್ 8, ‘ಬಿ’ ವಿಧದಲ್ಲಿ ಫ್ಯಾಕ್ಟರ್ 9 ಸಾಕಷ್ಟಿರುವುದಿಲ್ಲ. ರಕ್ತ ಜೋರಾಗಿ ಹರಿಯುವುದಿಲ್ಲ, ಹೆಚ್ಚು ಹೊತ್ತು ಹರಿಯುತ್ತದೆ. ಬೆರಳು ತರಚಿದರೆ ಒತ್ತಿ ಹಿಡಿದು ನಿಲ್ಲಿಸಬಹುದು. ಮಂಡಿ, ಮೊಣಕೈಗಳ ಒಳಗೆ ಕಾಣದಂತೆ ಸೋರುವುದೇ ಕಷ್ಟ. ಮತ್ತೆ ಮತ್ತೆ ಹಾಗಾದರೆ ಕೀಲೇ ಕೆಡುತ್ತದೆ.

ಇದು ಅಜ್ಜನಿಂದ ಮೊಮ್ಮಗನಿಗೆ ದಾಟುವ ಕಾಯಿಲೆ. ರೋಗವಿರುವ ತಂದೆಯಿಂದ ಮಗನಿಗೆ ಬರುವುದಿಲ್ಲ. ಹೆಣ್ಣುಮಕ್ಕಳು ವಾಹಕರಾಗುತ್ತಾರೆ, ಅವರ ಗಂಡುಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ವಿಕ್ಟೋರಿಯಾ ರಾಣಿಯೂ ವಾಹಕಿ. ಆಕೆಯ ಮಗ ಲಿಯೋಪೋಲ್ಡ್ 1884ರಲ್ಲಿ ಬಿದ್ದು ತೀರಿಕೊಂಡ. ಮರಿಮಗ, ರಷ್ಯದ ರಾಜಕುಮಾರ ಅಲೆಕ್ಸಿಗೂ ಅದೇ ರೋಗ. ಅದು ‘ಬಿ’ ವಿಧವೆಂದು ಅವನ ಮೂಳೆಯ ಪರೀಕ್ಷೆಯಿಂದ 2009ರಲ್ಲಿ ತಿಳಿಯಿತು.

ನಮ್ಮ ಬೀದಿಯಲ್ಲೊಬ್ಬ ಹುಡುಗನಿದ್ದಾನೆ. ಅಂಬೆಗಾಲಿಡುವಾಗ ಅವನ ಮೈಮೇಲೆ ನೀಲಿ ಕಲೆ ಕಂಡು, ತಾಯಿಯೇ ಹೊಡೆಯುತ್ತಾಳೆಂದು ಜನ ಆಡಿಕೊಂಡರು. ರೋಗ ಗೊತ್ತಾದ ಮೇಲೆ ‘ತವರಿನಿಂದ ತಂದದ್ದು’ ಎಂದರು. ಆಕೆಯ ತವರಿನಲ್ಲಿ ಯಾರಿಗೂ ಇರಲಿಲ್ಲ! ಸುಮಾರು ಮೂರನೇ ಒಂದು ಪಾಲು ಮನೆಗಳಲ್ಲಿ ಇದು ಹೊಸದಾಗಿಯೇ ಶುರುವಾಗುತ್ತದೆ. ಇಂಥ ಮಾತಾಡುವವರಿಗೆ ರೋಗಕ್ಕಿಂತ ಹೆಚ್ಚು ಮದ್ದು ಬೇಕೆಂದು ನನಗನ್ನಿಸುತ್ತದೆ. ಹುಡುಗ ಈಗ ಈಜು ಕಲಿಯುತ್ತಿದ್ದಾನೆ. ಈಜು ಕೀಲುಗಳಿಗೆ ಒಳ್ಳೆಯದು. ಕಬಡ್ಡಿ ಮಾತ್ರ ಬೇಡ. ಬೀದಿ ಕ್ರಿಕೆಟ್ಟಿಗೆ ಅವನೇ ಅಂಪೈರ್, ಔಟ್ ಕೊಡುವುದರಲ್ಲಿ ಬಹಳ ಧಾರಾಳಿ.

ಅಜ್ಜ-ಅಜ್ಜಿಯರೇ, ಊದಿದ ಮಂಡಿಗೆ ಎಣ್ಣೆ ತಿಕ್ಕಿ ಶಾಖ ಕೊಡುವುದು ನಮ್ಮ ರೂಢಿ. ಈ ಮಕ್ಕಳಿಗೆ ಅದು ಬೇಡ. ಐಸ್ ಇಟ್ಟು, ಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ. ಆಸ್ಪಿರಿನ್ ಮಾತ್ರೆ ಕೊಡಬೇಡಿ. ತಲೆಗೆ ಪೆಟ್ಟಾದರೆ ನಿಮಿಷವೂ ಕಾಯಬೇಡಿ. ಕಡಿಮೆಯಿರುವ ಫ್ಯಾಕ್ಟರನ್ನು ರಕ್ತನಾಳಕ್ಕೆ ಚುಚ್ಚಿ ಕೊಡುತ್ತಾರೆ. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರಿಗೂ ಇದೇ ಕಾಯಿಲೆ.